ಕನ್ನಡಕದ ಬಟ್ಟೆ ಬಿಟ್ಟುಹೋದವರಿಗೆ

ಅಪ್ಪನ ಹಾಡು ಉಳಿದಿದ್ದು ಆ ಒಂದೇ ಡಿವಿಡಿಯಲ್ಲಿ. ನಾನು ಅದನ್ನು ಎಂಪಿ4 ವಿಡಿಯೋ ಫೈಲ್ ಮಾಡಲು ಹೋಗಿ ಅವರ ಮುಖವೆಲ್ಲ ಚೌಕ ಚೌಕವಾಗಿತ್ತು. ಗ್ರಂಥಾಲಯದ ಕಂಪ್ಯೂಟರ್ ಮುಂದೆ ತಲೆ ಹಿಡಿದು ಕೂತಿದ್ದಾಗ ಪಕ್ಕದಲ್ಲಿದ್ದ ನೀವು, "ಕೊಡಿ ಇಲ್ಲಿ, ನೋಡೋಣ" ಅಂದಿರಿ. ಕನ್ನಡಕದ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದಿರಿ. ಸುತ್ತಲೂ ಉಜ್ಜಬಾರದಂತೆ, ನನಗೆ ಗೊತ್ತೇ ಇರಲಿಲ್ಲ. "ಕನ್ವರ್ಟ್ ಬೇಡ, ಮತ್ತೆ ಕುಗ್ಗಿಸಿದರೆ ಕ್ವಾಲಿಟಿ ಹೋಗುತ್ತೆ" ಎನ್ನುತ್ತಾ ಡಿವಿಡಿಯ ವಿಡಿಯೋ ಇರುವ ವಿಡಿಯೋ_ಟಿಎಸ್ ಫೋಲ್ಡರನ್ನು ಹಾಗೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದಿರಿ. 4 ಜಿಬಿ ಚಿಲ್ಲರೆ. ಜಾಗ ಜಾಸ್ತಿ ತಿನ್ನುತ್ತೆ, ತಿನ್ನಲಿ ಬಿಡಿ. ಒಂದು ಕಡೆ ಕಾಪಿ ನಿಂತಾಗ ನೀವೂ ಉಸಿರು ಬಿಗಿಹಿಡಿದಿರಿ, ನಾನು ನೋಡಿದೆ. ಕೊನೆಗೆ ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅದೂ ಸ್ಪಷ್ಟ! ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನೀವು ಎದ್ದು ಹೋಗಿದ್ದಿರಿ. ಥ್ಯಾಂಕ್ಸ್ ಸರ್. ನಿಮ್ಮ ಬಟ್ಟೆ ನನ್ನ ಹತ್ತಿರವೇ ಇದೆ.