ಎಳೆ ಬಿಡದ ಹತ್ತಿಯೂ ಉಳಿಯಲಿ

ಮಾನ್ಯರೇ,

ಹತ್ತಿಯ ಜೀನೋಮ್ ಬಗ್ಗೆ, ಅಂದರೆ ಗಿಡದ ಗುಣಗಳನ್ನು ಹೊತ್ತ ಇಡೀ ಡಿಎನ್‌ಎ ಬಗ್ಗೆ, ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಕೊನೆಯ ಮಾತು ಒಪ್ಪಲಾಗಲಿಲ್ಲ. ಜೀನೋಮ್ ಓದಿ ಮುಗಿದ ಮೇಲೆ ಕಾಡು ಹತ್ತಿಗಳನ್ನು ಬೆಳೆಸಿ ಕಾಪಾಡೋದು ದಂಡ ಖರ್ಚು ಅನ್ನುವ ಧಾಟಿ ಅದರಲ್ಲಿತ್ತು. ಹತ್ತಿಯ ಚರಿತ್ರೆ ನೋಡಿದರೆ ಇದು ಪೂರಾ ಉಲ್ಟಾ.

ಇವತ್ತು ಜಗತ್ತಿನಲ್ಲಿ ಬೆಳೆಯುವ ಹತ್ತಿಯಲ್ಲಿ ಶೇ 90ರಷ್ಟು ಗಾಸಿಪಿಯಂ ಹಿರ್ಸುಟಮ್ ಎಂಬ ಒಂದೇ ಜಾತಿಯದು. ಅದರೊಳಗೆ ಎರಡು ಜೀನೋಮ್‌ಗಳಿವೆ. 'ಎ' ಅನ್ನೋದು ಆಫ್ರಿಕಾ, ಏಷ್ಯಾ ಕಡೆಯ ಹತ್ತಿಗಳ ಬಳಗದ್ದು. 'ಡಿ' ಅಮೆರಿಕ ಖಂಡದ ಕಾಡು ಹತ್ತಿಯದು. ಇವು ಕೂಡಿಕೊಂಡದ್ದು ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ. ಆಗ ಬಿತ್ತುವವರು ಯಾರೂ ಇರಲಿಲ್ಲ. 26 ಕ್ರೋಮೋಸೋಮ್‌ಗಳ (ವರ್ಣತಂತುಗಳ) ಎರಡು ಗಿಡಗಳ ಬೆರಕೆಯಿಂದ 52 ಇರುವ ಗಿಡ ತಾನಾಗಿ ಹುಟ್ಟಿತು.

ಈ ಎರಡೂ ಜೀನೋಮ್‌ಗಳು ಒಂದನ್ನೊಂದು ತುಂಬಾ ಹೋಲುತ್ತವೆ. ಡಿಎನ್‌ಎ ಓದುವುದು ಚೂರು ಚೂರಾಗಿ. ಯಾವ ಚೂರು ಯಾವುದಕ್ಕೆ ಸೇರಿದ್ದು ಅಂತ ಹೇಳೋದೇ ಕಷ್ಟ. ಅದಕ್ಕೇ 2012ರಲ್ಲಿ ಮೊದಲು ಓದಿದ್ದು ಪೆರುವಿನ ಕಾಡು ಹತ್ತಿ ಗಾಸಿಪಿಯಂ ರೈಮಾಂಡಿಯನ್ನು. ಅದರಲ್ಲಿರೋದು ಡಿ ಜೀನೋಮ್ ಒಂದೇ. ಅದೂ ಚಿಕ್ಕದು, ಎ ಜೀನೋಮ್‌ನ ಅರ್ಧದಷ್ಟು. 2014ರಲ್ಲಿ ಎ ಬಳಗದ ಏಷ್ಯಾದ ಹತ್ತಿ ಅರ್ಬೋರಿಯಮ್ ಆಯ್ತು, 2015ರಲ್ಲಿ ಹಿರ್ಸುಟಮ್. ತಮಾಷೆ ಅಂದರೆ, ಮೊದಲು ಓದಿಸಿಕೊಂಡ ರೈಮಾಂಡಿಯಲ್ಲಿ ನೂಲಲು ಬರುವಂಥ ಎಳೆಯೇ ಇಲ್ಲ!

ಹತ್ತಿ ಬೀಜದಿಂದ ಒಂದೇ ಒಂದು ಎಳೆ ಬಿಡಿಸಿ ನೋಡಿ. ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಉದ್ದ. ಅಷ್ಟೂ ಸೇರಿ ಒಂದೇ ಜೀವಕೋಶ. ಹೂ ಅರಳುವ ಹೊತ್ತಿಗೆ ಬೀಜದ ಹೊರಪದರದಿಂದ ಅದು ಏಳಲು ಶುರುವಾಗುತ್ತದೆ. ಈ ಎಳೆಯ ಉದ್ದ, ಗಟ್ಟಿತನಕ್ಕೆ ಕಾರಣವಾದ ಡಿಎನ್‌ಎ ಜಾಗಗಳನ್ನು ಹುಡುಕುತ್ತ ಹೋದಾಗ ಬಹಳಷ್ಟು ಸಿಕ್ಕಿದ್ದು ಡಿ ಜೀನೋಮ್‌ನಲ್ಲಿ. ಅಂದರೆ, ಎಳೆ ಬಿಡದ ಕಡೆಯಿಂದ ಬಂದ ಪಾಲಿನಲ್ಲಿ. ಕಾಡಿನಲ್ಲಿ ರೈಮಾಂಡಿ ಗಿಡವನ್ನಷ್ಟೇ ನೋಡಿದವರು ಇದನ್ನು ಊಹಿಸಲು ಸಾಧ್ಯವಿತ್ತೇ? ಕೆಲಸಕ್ಕೆ ಬಾರದ್ದು ಅಂತ ಕಿತ್ತು ಎಸೆಯುತ್ತಿದ್ದರು, ಅಲ್ವಾ?

ಹವಾಯಿ ದ್ವೀಪಗಳ ಕಾಡು ಹತ್ತಿ ಟೊಮೆಂಟೋಸಮ್‌ನದೂ ಇದೇ ಪಾಠ. ಬೆಳೆ ಹತ್ತಿಯ ಎಲೆ ತಿರುವಿ ಹಾಕಿದರೆ ನಡುನರದ ಮೇಲೆ ಸಿಹಿರಸ ಒಸರುವ ಪುಟ್ಟ ಗುಳಿ ಕಾಣುತ್ತದೆ. ಬೆಳೆ ಹಾಳುಮಾಡುವ ಕೀಟಗಳಿಗೂ ಅದು ಕೂಳು. ಟೊಮೆಂಟೋಸಮ್‌ನಲ್ಲಿ ಆ ಗುಳಿಯೇ ಇಲ್ಲ. ಈ ಗುಣವನ್ನು ತಳಿ ವಿಜ್ಞಾನಿಗಳು ಬೆರಕೆ ಮಾಡಿ ಬೆಳೆ ಹತ್ತಿಗೆ ತಂದರು. ಅದೂ ಜೀನೋಮ್ ಓದುವುದಕ್ಕೆ ದಶಕಗಳ ಮೊದಲೇ. ಗಿಡ ಜೀವಂತ ಇತ್ತು, ಪರಾಗ ಸಿಕ್ಕಿತು. ಕಂಪ್ಯೂಟರಿನಲ್ಲಿ ಬರೀ ಡಿಎನ್‌ಎ ಅಕ್ಷರಗಳ ಸಾಲಿದ್ದಿದ್ದರೆ ಈ ಕೆಲಸ ಎಲ್ಲಾಗುತ್ತಿತ್ತು?

ಜೀನೋಮ್ ಓದಿದ್ದು ಸಣ್ಣ ಸಾಧನೆ ಅಂತ ನಾನು ಹೇಳುತ್ತಿಲ್ಲ. ಯಾವ ಗಿಡದಲ್ಲಿ ಏನು ಹುಡುಕಬೇಕು ಅಂತ ಈಗ ಗೊತ್ತಾಗುತ್ತಿದೆ. ಹುಡುಕಲು ಗಿಡ ಬೇಕಲ್ಲ! ಬೀಜ ಬ್ಯಾಂಕಿನಲ್ಲಿಟ್ಟ ಬೀಜವೂ ಸುಮ್ನೆ ಇಟ್ಟಲ್ಲೇ ಉಳಿಯುವುದಿಲ್ಲ. ಆಗಾಗ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು. ಆ ಕೆಲಸ ಯಾರು, ಹೇಗೆ ಮಾಡುತ್ತಾರೆ ಅನ್ನುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಒಂದು ಬರಹ ಬರಲಿ.

ಇತಿ,
ನಿಮ್ಮ ಓದುಗ