ಮಡಿಲಲ್ಲಿ ಅಡಗಿಸಿಟ್ಟ ರೆಕಾರ್ಡರ್: ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಸಂಸ್ಥೆ ವ್ಯವಹರಿಸುವ ಆರು ಭಾಷೆಗಳಲ್ಲಿ ಕನ್ನಡವಿಲ್ಲ ಎಂಬುದು ನನಗೆ ಗೊತ್ತು. ಹಾಗಾಗಿ ಈ ಪತ್ರ ಜಿನೀವಾದ ನಿಮ್ಮ ಮೇಜಿಗೆ ಬರುವ ಮೊದಲೇ ಸಂಗೀತ ಕೇಳುವ ಒಂದಷ್ಟು ಕನ್ನಡಿಗರ ಕಣ್ಣಿಗೆ ಬಿದ್ದಿರುತ್ತದೆ. ಬಹಿರಂಗ ಪತ್ರ ಬರೆಯುವುದೂ ಅದಕ್ಕೇ ಅಲ್ಲವೇ.

ಮೊದಲು ತಪ್ಪೊಪ್ಪಿಗೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಒಂದು ಸಂಗೀತ ಕಾರ್ಯಕ್ರಮವನ್ನು ಯಾರನ್ನೂ ಕೇಳದೆ ಮುದ್ರಿಸಿಕೊಂಡೆ. ಮಡಿಲಲ್ಲಿ ಶಾಲು, ಶಾಲಿನ ಮಡಿಕೆಯೊಳಗೆ ಪುಟ್ಟ ಟೇಪ್ ರೆಕಾರ್ಡರ್. ಕ್ಯಾಸೆಟ್‌ನ ಒಂದೊಂದು ಬದಿಗೆ ಮೂವತ್ತು ನಿಮಿಷ. ಗಾಯಕಿ ಆ ಸಂಜೆಯ ಎಲ್ಲಕ್ಕಿಂತ ಎತ್ತರದ ಸ್ವರದತ್ತ ಏರುತ್ತಿದ್ದಾಗಲೇ ಮೊದಲ ಬದಿ ಮುಗಿದು, ಗುಂಡಿ ‘ಟಕ್’ ಎಂದು ಮೇಲೆದ್ದಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ಕೆಮ್ಮಿದೆ. ಕೆಮ್ಮುತ್ತಲೇ ಕ್ಯಾಸೆಟ್ ಮಗುಚಿ ಹಾಕಿ ಮತ್ತೆ ಗುಂಡಿ ಒತ್ತಿದೆ. ಇಂದಿಗೂ ಅದನ್ನು ಹಾಕಿದರೆ ಏರುತ್ತಿದ್ದ ಸ್ವರ ಅರ್ಧಕ್ಕೆ ಕಡಿದುಹೋಗುತ್ತದೆ, ಇನ್ನೊಂದು ಬದಿ ನನ್ನ ಕೆಮ್ಮಿನ ಕೊನೆಯೊಂದಿಗೆ ಶುರುವಾಗುತ್ತದೆ. ಆಕೆ ಆ ಸ್ವರವನ್ನು ಮುಟ್ಟಿದರೋ ಇಲ್ಲವೋ ಎಂದು ಸಾಕ್ಷಿ ಹೇಳಲು ಸಭೆಯಲ್ಲಿ ಕುಳಿತಿದ್ದ ನನ್ನಿಂದಲೂ ಆಗದು. ಆಗ ನಾನು ಕ್ಯಾಸೆಟ್ ತಿರುಗಿಸುತ್ತಿದ್ದೆ.

ಇದು ಅಪರಾಧವೇ? ಉತ್ತರ ನಾನು ಕುಳಿತಿದ್ದ ಕುರ್ಚಿ ಯಾವ ದೇಶದಲ್ಲಿತ್ತು ಎಂಬುದರ ಮೇಲೆ ನಿಂತಿದೆ. ನಿಮ್ಮ ಸಂಸ್ಥೆ ಇನ್ನೆರಡು ಸಂಸ್ಥೆಗಳೊಡನೆ ಸೇರಿ ನೋಡಿಕೊಳ್ಳುವ 1961ರ ರೋಮ್ ಒಪ್ಪಂದ, ತಮ್ಮ ಅನುಮತಿಯಿಲ್ಲದೆ ನಡೆಯುವ ಮುದ್ರಣವನ್ನು ತಡೆಯುವ ಅವಕಾಶವನ್ನು ಕಲಾವಿದರಿಗೆ ಕೊಟ್ಟಿತು. ಅದೇ ಒಪ್ಪಂದ, ಸ್ವಂತ ಬಳಕೆಗೆ ವಿನಾಯಿತಿ ಕೊಡುವುದಾದರೆ ಕೊಡಿ ಎಂದು ದೇಶಗಳಿಗೆ ಬಿಟ್ಟಿತು. ಭಾರತ ಆ ವಿನಾಯಿತಿಯನ್ನು ಕೊಟ್ಟಿದೆ: ಅದರ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಮುದ್ರಿಸಿಕೊಂಡವರು ತಮ್ಮ ಖಾಸಗಿ ಬಳಕೆಗೆ ಇಟ್ಟುಕೊಂಡರೆ ಪ್ರದರ್ಶಕರ ಹಕ್ಕಿಗೆ ಚ್ಯುತಿಯಿಲ್ಲ. ಅಮೆರಿಕದ 1994ರ ಕಾನೂನಿನಲ್ಲಿ ಮುದ್ರಿಸಿದ್ದಕ್ಕೇ ದಾವೆ ಹೂಡಬಹುದು. ಜೈಲಿನ ಮಾತು ಬರುವುದು ಮಾತ್ರ ಹಣದ ಆಸೆ ಇದ್ದಾಗ. ಆ ಕಾನೂನಿನಲ್ಲಿ ಈ ಹಕ್ಕು ಎಷ್ಟು ವರ್ಷ ಬಾಳುತ್ತದೆ ಎಂದು ಬರೆದೇ ಇಲ್ಲ. ಕೃತಿಸ್ವಾಮ್ಯಕ್ಕೆ ಇರುವ ಕೊನೆ ಇದಕ್ಕಿಲ್ಲವೇ ಎಂಬ ಪ್ರಶ್ನೆ ಅಲ್ಲಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಚರ್ಚೆಯಾಯಿತು.

ಇನ್ನು ಮೊಬೈಲ್. ಶಾಲಿನೊಳಗೆ ಅಡಗಿಸುವ ಕಾಲ ಮುಗಿದು ಈಗ ಸಭಾಂಗಣದ ತುಂಬ ಮೇಲೆತ್ತಿದ ಕೈಗಳು. ಆ ಫೋನು ದನಿಯನ್ನೂ ಚಿತ್ರವನ್ನೂ ಒಟ್ಟಿಗೆ ಹಿಡಿಯುತ್ತದೆ. ಆದರೆ ಪ್ರದರ್ಶಕರ ಹಕ್ಕುಗಳ ಬಗೆಗಿನ ನಿಮ್ಮ 1996ರ ಒಪ್ಪಂದ ನೋಡುವುದು ದನಿಯ ಮುದ್ರಣವನ್ನು; ದೃಶ್ಯ ಸೇರಿದ ಮುದ್ರಣಕ್ಕೆ 2012ರಲ್ಲಿ ಬೀಜಿಂಗ್‌ನಲ್ಲಿ ಬೇರೊಂದು ಒಪ್ಪಂದವಾಯಿತು, ಅದು ಜಾರಿಗೆ ಬಂದದ್ದು 2020ರಲ್ಲಿ. ಎರಡಕ್ಕೂ ಸಹಿ ಹಾಕಿದ ದೇಶಗಳಿವೆ, ಒಂದಕ್ಕಷ್ಟೇ ಹಾಕಿದ ದೇಶಗಳಿವೆ. ಒಂದೇ ಬೆರಳು ಒಂದೇ ಗುಂಡಿ ಒತ್ತಿದ್ದಕ್ಕೆ ಇಷ್ಟು ಲೆಕ್ಕಾಚಾರ. ಇದನ್ನು ಕೇಳುಗ ತಿಳಿದುಕೊಂಡು ಸಭೆಗೆ ಬರಬೇಕೆಂದು ನಿರೀಕ್ಷಿಸುವುದು ಎಷ್ಟು ಸರಿ?

ಹೀಗೆ ಒಲವಿನಿಂದ ತಾವಾಗಿ ಮುದ್ರಿಸಿದವರಿಂದ ಸಂಗೀತಕ್ಕೆ ಆದ ಉಪಕಾರವನ್ನೂ ಸ್ವಲ್ಪ ನೋಡೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಗ್ರಂಥಪಾಲಕರಾಗಿದ್ದ ಲಯನಲ್ ಮೇಪಲ್ಸನ್ 1901ರಿಂದ 1903ರವರೆಗೆ ಮೇಣದ ಉರುಳೆಗಳ ಮೇಲೆ ನಡೆಯುತ್ತಿದ್ದ ಪ್ರದರ್ಶನಗಳ ತುಣುಕುಗಳನ್ನು ಹಿಡಿದರು. ಮೊದಲು ರಂಗದ ಮುಂದಿನ ಗೂಡಿನಿಂದ, ಆಮೇಲೆ ರಂಗದ ನೆತ್ತಿಯ ಮೇಲಿನ ಅಟ್ಟದಿಂದ. ಕೇಳಿದರೆ ಗೊರಗೊರ ಸದ್ದಿನ ಆಚೆ ಯಾರೋ ದೂರದಲ್ಲಿ ಹಾಡುತ್ತಿರುವಂತಿದೆ. ಆ ಕಾಲದ ಮಹಾಗಾಯಕ ಜಾನ್ ದ ರೆಸ್ಕೆಯ ದನಿ ನಮಗೆ ಉಳಿದಿರುವುದು ಆ ಸದ್ದಿನೊಳಗೇ. ಹಾಗೆಯೇ ಡೀನ್ ಬೆನೆಡೆಟ್ಟಿ. ಸ್ಯಾಕ್ಸಫೋನ್ ವಾದಕ ಚಾರ್ಲಿ ಪಾರ್ಕರ್ ಮೇಲಿನ ಹುಚ್ಚಿನಿಂದ 1947 ಮತ್ತು 1948ರಲ್ಲಿ ಈತ ಕ್ಲಬ್‌ಗಳಿಗೆ ಯಂತ್ರ ಹೊತ್ತುಕೊಂಡು ಹೋದ. ಪಾರ್ಕರ್ ನುಡಿಸುವಾಗ ಯಂತ್ರ ಓಡುತ್ತಿತ್ತು. ಉಳಿದವರ ಸರದಿ ಬಂದರೆ ಆರಿಸಿಬಿಡುತ್ತಿದ್ದ. ಪಕ್ಕದ ವಾದಕರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ! ಆದರೂ ಆ ಒಲವು ಇಲ್ಲದಿದ್ದರೆ ಆ ರಾತ್ರಿಗಳ ಪಾರ್ಕರ್ ನಮಗೆ ಸಿಗುತ್ತಿರಲಿಲ್ಲ.

ಮಾರುವವರ ಕಥೆ ಬೇರೆ. ಗಾಯಕ ಫಿಲ್ ಕಾಲಿನ್ಸ್ ಅವರ 1983ರ ಕ್ಯಾಲಿಫೋರ್ನಿಯಾ ಕಾರ್ಯಕ್ರಮವನ್ನು ಅವರ ಒಪ್ಪಿಗೆಯಿಲ್ಲದೆ ಮುದ್ರಿಸಿ ಜರ್ಮನಿಯಲ್ಲಿ ಸಿಡಿಯಾಗಿ ಮಾರಿದರು. ಜರ್ಮನ್ ಕಲಾವಿದ ಎಲ್ಲಿ ಹಾಡಿದರೂ ಅಲ್ಲಿನ ಕಾನೂನು ಕಾಯುತ್ತಿತ್ತು. ಬ್ರಿಟಿಷ್ ಪ್ರಜೆ ಕಾಲಿನ್ಸ್ ಹೊರದೇಶದಲ್ಲಿ ಹಾಡಿದರೆ ಕಾಯುತ್ತಿರಲಿಲ್ಲ. ಯುರೋಪಿನ ನ್ಯಾಯಾಲಯ 1993ರಲ್ಲಿ ಈ ಭೇದ ಸಲ್ಲದು ಎಂದಿತು. ಇಂಥ ಮಾರಾಟಗಾರರ ಪರವಾಗಿ ನನ್ನದು ಒಂದು ಮಾತೂ ಇಲ್ಲ. ಕಲಾವಿದರ ಬೆವರಿಗೆ ಅವರು ಬೆಲೆ ಕಟ್ಟಿ ಆ ಬೆಲೆಯನ್ನು ತಾವೇ ಇಟ್ಟುಕೊಂಡರು.

ಈ ಎರಡರ ನಡುವೆ ಗೆರೆ ಎಳೆಯುವುದು ಕಷ್ಟವೆಂದು ವಕೀಲರು ಹೇಳುತ್ತಾರೆ. ಕಲಾವಿದರೇ ಎಳೆದು ತೋರಿಸಿದ್ದಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡದ ಕಾರ್ಯಕ್ರಮಗಳಲ್ಲಿ ಮುದ್ರಿಸುವವರ ಮೈಕುಗಳ ಕಾಡು ಎಷ್ಟು ಬೆಳೆಯಿತೆಂದರೆ ಧ್ವನಿ ನಿಯಂತ್ರಿಸುವವರಿಗೆ ವೇದಿಕೆಯೇ ಕಾಣದಾಯಿತು. ತಂಡ ಪೊಲೀಸರನ್ನು ಕರೆಯಲಿಲ್ಲ. 1984ರಲ್ಲಿ ಅವರಿಗೆಂದೇ ಜಾಗ ಗೊತ್ತುಮಾಡಿ, ಬೇರೆ ಟಿಕೆಟ್ ಮಾಡಿತು. ಮುದ್ರಿಸಿ, ಹಂಚಿಕೊಳ್ಳಿ, ಮಾರಬೇಡಿ ಎಂದಿತು. 2005ರಲ್ಲಿ ಅಂತರಜಾಲದ ಸಂಗ್ರಹವೊಂದರಿಂದ ಇವನ್ನೆಲ್ಲ ಇಳಿಸಿಕೊಳ್ಳುವುದನ್ನು ತಂಡ ನಿಲ್ಲಿಸಿದಾಗ ಅಭಿಮಾನಿಗಳು ಸಿಡಿದೆದ್ದರು. ಕೊನೆಗೆ ಕೇಳುಗರು ತಾವಾಗಿ ಮುದ್ರಿಸಿದವು ಮರಳಿ ಸಿಕ್ಕವು. ತಂಡದ ಸ್ವಂತ ಧ್ವನಿ ಉಪಕರಣದಿಂದ ತೆಗೆದವನ್ನು ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ ಎಂದಾಯಿತು. ಒಪ್ಪಂದದ ಯಾವ ಪುಟದಲ್ಲೂ ಇಲ್ಲದ ಈ ವಿವೇಕ ಜಗಳದ ನಡುವೆ ಹುಟ್ಟಿತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಬಲವಾಗಿಯೇ ಇರುತ್ತಿತ್ತು. ಆದರೆ ನನ್ನ ಕ್ಯಾಸೆಟ್‌ನ ಕಥೆ ಮುಗಿದಿಲ್ಲ.

ಅದರ ಒಂದು ಪ್ರತಿಯನ್ನು ಗೆಳೆಯನಿಗೆ ಕೊಟ್ಟಿದ್ದೆ. ಅವನು ಇನ್ನೊಬ್ಬನಿಗೆ ಕೊಟ್ಟ. ಬಹಳ ವರ್ಷಗಳ ಮೇಲೆ ಯಾರೋ ಅದನ್ನು ಅಂತರಜಾಲಕ್ಕೆ ಏರಿಸಿದರು. ‘ಅಪರೂಪದ ಮುದ್ರಣ’ ಎಂದು ಶೀರ್ಷಿಕೆ ಬೇರೆ. ನನ್ನ ಕೆಮ್ಮು ಕೇಳಿಸಿತು, ಆದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಅದರ ಕೆಳಗೆ ಗಾಯಕಿಯ ಶಿಷ್ಯೆಯೊಬ್ಬರು ಎರಡೇ ಸಾಲು ಬರೆದಿದ್ದರು: ಆ ದಿನ ಅಮ್ಮನಿಗೆ ಜ್ವರವಿತ್ತು, ದನಿ ಒಡೆಯುತ್ತಿತ್ತು, ಅದು ಉಳಿಯುವುದು ಅವರಿಗೆ ಇಷ್ಟವಿಲ್ಲ, ದಯವಿಟ್ಟು ತೆಗೆಯಿರಿ. ನಾನು ಮೂರು ಸಲ ಓದಿದೆ. ಮೂವತ್ತು ವರ್ಷ ನಾನು ಆ ಒಡೆದ ದನಿಯನ್ನೇ ಭಾವದ ತುತ್ತತುದಿ ಎಂದು ಮೆಚ್ಚಿಕೊಂಡು ಬಂದಿದ್ದೆ. ಏರಿಸಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಅಷ್ಟರಲ್ಲಿ ಇನ್ನೂ ಎರಡು ಕಡೆ ಪ್ರತಿ ಕಾಣಿಸಿಕೊಂಡಿತು.

ಇದರಲ್ಲಿ ಒಂದು ಕಾಸೂ ಕೈ ಬದಲಾಗಿಲ್ಲ. ಹಣದ ಗೆರೆಯೊಂದೇ ಸಾಕೆನ್ನುವವರು ಆ ಶಿಷ್ಯೆಗೆ ಏನು ಹೇಳುತ್ತಾರೆ? ವೇದಿಕೆಯ ಮೇಲೆ ಹಾಡುವವರು ಆ ಸಭೆಗೆ, ಆ ಹೊತ್ತಿಗೆ ಹಾಡುತ್ತಾರೆ. ತಪ್ಪುವ ಧೈರ್ಯ ಇದ್ದರಷ್ಟೇ ಹೊಸದು ಹುಟ್ಟುತ್ತದೆ. ಪ್ರತಿ ತಪ್ಪೂ ಶಾಶ್ವತ ಎಂದಾದರೆ ಯಾರು ಅಂಚಿಗೆ ಹೋಗುತ್ತಾರೆ? 2014ರಲ್ಲಿ ಲಂಡನ್ನಿನ ತಮ್ಮ ಕಾರ್ಯಕ್ರಮಗಳಿಗೆ ಮುನ್ನ ಗಾಯಕಿ ಕೇಟ್ ಬುಷ್ ಫೋನು, ಕ್ಯಾಮೆರಾ ಬೇಡ ಎಂದು ಕೇಳುಗರಲ್ಲಿ ವಿನಂತಿಸಿಕೊಂಡಿದ್ದರು. ಅಂಥ ಕೋರಿಕೆ ಕಲಾವಿದರ ಬಾಯಿಂದಲೇ ಬಂದಾಗ ಅದಕ್ಕೆ ತೂಕವಿದೆ. ಟಿಕೆಟ್‌ನ ಹಿಂಭಾಗದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಸಂಘಟಕರು ಅಚ್ಚುಹಾಕಿಸುವ ನಿಷೇಧವನ್ನು ಅದರ ಪಕ್ಕಕ್ಕೆ ತೂಗಲಾರೆ. ಅಲ್ಲಿ ಎಷ್ಟೋ ಸಲ ಹಾಡುವವರನ್ನು ಕೇಳಿಯೇ ಇರುವುದಿಲ್ಲ.

ನೀವು ಕಾನೂನು ಮಾಡುವವರಲ್ಲ, ಸದಸ್ಯ ದೇಶಗಳು ಮಾಡುತ್ತವೆ ಎಂಬ ಉತ್ತರ ಸಿದ್ಧವಿರುತ್ತದೆ. ನಿಜ. ಆದರೆ ಮುದ್ರಿತ ಪುಸ್ತಕ ಓದಲಾಗದ ಅಂಧರಿಗಾಗಿ 2013ರಲ್ಲಿ ಮರಾಕೇಶ್‌ನಲ್ಲಿ ಒಪ್ಪಂದವಾದದ್ದು ನಿಮ್ಮ ಸಂಸ್ಥೆಯ ಆಶ್ರಯದಲ್ಲೇ. ಹಕ್ಕನ್ನು ಬಿಗಿಮಾಡುವುದಷ್ಟೇ ಅಲ್ಲ, ವಿನಾಯಿತಿಯನ್ನೂ ಬರೆಯಬಲ್ಲೆವೆಂದು ಆಗ ತೋರಿಸಿಕೊಟ್ಟಿದ್ದೀರಿ. ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ದೇಶಗಳಿಗೆ ದಾರಿ ತೋರಿಸುವ ಒಂದು ಮಾದರಿ ಬರಹ ಸಾಕು. ತನಗಾಗಿ ಮುದ್ರಿಸಿಕೊಂಡವನನ್ನು ಮಾರಾಟಗಾರನ ಪಕ್ಕ ನಿಲ್ಲಿಸಬೇಡಿ ಎಂದು ಅದರಲ್ಲಿ ಇರಲಿ. ಹಂಚಿಕೊಂಡದ್ದು ಯಾವಾಗಲಾದರೂ ಬೇಡವೆನಿಸಿದರೆ ಕಲಾವಿದರು, ಅವರ ನಂತರ ಅವರು ಹೇಳಿಟ್ಟವರು, ವಕೀಲರ ನೋಟಿಸಿಲ್ಲದೆ ಒಂದು ಸರಳ ಕೋರಿಕೆಯಿಂದ ಇಳಿಸುವಂತಿರಲಿ. ಆ ಕೋರಿಕೆಯ ಅಧಿಕಾರ ಸಂಘಟಕರ ಕೈಗೂ ಮುದ್ರಣ ಕಂಪನಿಯ ಕೈಗೂ ಜಾರದಿರಲಿ, ಏಕೆಂದರೆ ಜ್ವರ ಬಂದದ್ದು ಅವರಿಗಲ್ಲ. ಇಳಿಸುವುದೆಂದರೆ ಅಳಿಸುವುದು ಎಂದೂ ಆಗಬಾರದು. ಗ್ರಂಥಾಲಯ, ಸಂಗ್ರಹಾಲಯಗಳು ಇಂಥ ಮುದ್ರಣಗಳನ್ನು ಪಡೆದು, ಕಲಾವಿದರು ಗೊತ್ತುಮಾಡಿದಷ್ಟು ಕಾಲ ಮುಚ್ಚಿಡಲು ಕಾನೂನಿನ ರಕ್ಷಣೆ ಇರಲಿ. ಮೇಪಲ್ಸನ್ನರ ಉರುಳೆಗಳನ್ನು ಯಾರಾದರೂ ಅಂದೇ ನಿಯಮ ನೋಡಿ ಒಡೆದುಹಾಕಿದ್ದರೆ ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೇಲೆತ್ತಿದ ಫೋನಿನ ಬೆಳಕು ಹಿಂದಿನವರ ಕಣ್ಣಿಗೆ ಚುಚ್ಚುವುದನ್ನು ತಡೆಯಲು ಯಾವ ಒಪ್ಪಂದವೂ ಬೇಡ, ಪಕ್ಕದವರು ಮೊಣಕೈ ತಿವಿದರೆ ಸಾಕು.

ನನ್ನ ಕ್ಯಾಸೆಟ್ ಇನ್ನೂ ಬೀರುವಿನಲ್ಲಿದೆ. ಟೇಪು ಅಂಟಿಕೊಳ್ಳತೊಡಗಿದೆ, ಇನ್ನು ಕೆಲವು ಸಲ ಓಡಬಹುದು. ಆ ಶಿಷ್ಯೆಯವರ ವಿಳಾಸ ಹುಡುಕಿ, ಇದು ನಿಮ್ಮದು, ಇಟ್ಟುಕೊಳ್ಳಿ ಅಥವಾ ಸುಟ್ಟುಬಿಡಿ ಎಂದು ಬರೆದಿದ್ದೇನೆ. ಸುಡುವುದಿಲ್ಲ, ಹಾಗೆಂದು ಮನೆಯಲ್ಲಿ ಇಟ್ಟುಕೊಳ್ಳಲೂ ಧೈರ್ಯವಿಲ್ಲ, ಯಾರೂ ಕೇಳದ ಹಾಗೆ ಕಾಪಾಡುವ ಜಾಗ ಇದ್ದರೆ ಹೇಳಿ ಎಂದು ಅವರು ಕೇಳಿದ್ದಾರೆ. ಅವರಿಗೆ ನಾನಿನ್ನೂ ಉತ್ತರ ಬರೆದಿಲ್ಲ.

ಇಂತಿ,
ಒಬ್ಬ ಕೇಳುಗ