ಭಾಂಡುಪ್‌ನಲ್ಲಿ ಇಳಿದಿದ್ದೆ, ಗೆಳೆಯಾ

ಗೆಳೆಯಾ,

ನಿನ್ನ 11 ಮಿಸ್ಡ್ ಕಾಲ್ ಹಾಗೇ ಇವೆ, ಅಳಿಸಿಲ್ಲ. ಎತ್ತದೇ ಇದ್ದದ್ದು ಸಿಟ್ಟಿನಿಂದಲ್ಲ. "ಅವನಿಗೀಗ ಸೊಕ್ಕು ಬಂದಿದೆ" ಅಂತ ನಿನ್ನ ಅಕ್ಕನ ಹತ್ತಿರ ಹೇಳಿದೆಯಂತೆ. ಅದು ಕಿವಿಗೆ ಬಿದ್ದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ. ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ಊರಿಂದ ಮುಂಬೈಗೆ ಬಂದು ಗಲ್ಲಾದಲ್ಲಿ ಕೂತ ನಮ್ಮಂಥ ಹುಡುಗರು ಸುಮಾರು ಜನ ಇಲ್ಲಿದ್ದಾರೆ, ಅವರೂ ಓದಲಿ. ನಿನ್ನ ಹೆಸರು ಹಾಕುವುದಿಲ್ಲ. ಡ್ರಿಲ್ ಮೇಷ್ಟ್ರ ಕೊಡೆ ಅಂದರೆ ಸಾಕಲ್ವಾ, ಇದು ನಿನಗೇ ಅಂತ ಗೊತ್ತಾಗಲು?

ನಾನು ಚಿಕಿತ್ಸೆ ತಗೊಳ್ಳುತ್ತಿದ್ದೇನೆ. ಕುಡಿತಕ್ಕೆ. ಹತ್ತು ತಿಂಗಳಾಯಿತು.

ಗಟಾರಿ ಅಮಾವಾಸ್ಯೆಯ ರಾತ್ರಿ ನಾವು ಹೇಗೆ ಕುಡಿಯುತ್ತಿದ್ದೆವು ಅಂತ ನಿನಗೆ ಗೊತ್ತು. ಮಾರನೇ ದಿನ ಶ್ರಾವಣ. ಒಂದು ತಿಂಗಳು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಬಾಯಿ ತೆರೆದರೆ ಆ ಒಂದು ತಿಂಗಳನ್ನೇ ಮುಂದೆ ಇಡುತ್ತಿದ್ದೆ. ಚಟ ಇದ್ದವನಿಗೆ ತಿಂಗಳು ಬಿಡಲು ಆಗುತ್ತದಾ, ನೀನೇ ಹೇಳು ಅಂತ. ಕಳೆದ ವರ್ಷ ಶ್ರಾವಣದ ಎರಡನೇ ದಿನ ಪರ್ಮಿಟ್ ರೂಮಿನ, ಅಂದರೆ ಬಾರಿನ, ಗಲ್ಲಾದಲ್ಲಿ ನೋಟು ಎಣಿಸುತ್ತಿದ್ದೆ, ಕೈ ನಡುಗಿತು. ನೂರರ ಕಟ್ಟು ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಲೆಕ್ಕ. ಬೆನ್ನು ಪೂರ್ತಿ ಬೆವರು. ಸ್ಟೋರ್‌ಗೆ ಹೋಗಿ 60 ಹಾಕಿಕೊಂಡೆ. ಹತ್ತು ನಿಮಿಷದಲ್ಲಿ ಕೈ ನಿಂತಿತು. ಕೈ ನಿಂತದ್ದು ನೋಡಿಯೇ ನನಗೆ ಹೆದರಿಕೆಯಾದದ್ದು.

ಮೂರನೇ ದಿನ ಹೆಂಡತಿ ಪಾಲಿಕೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೇಸ್ ಪೇಪರ್ ಮಾಡಿಸಿ ಮೇಲೆ ಹತ್ತಿದರೆ 'ಮಾನಸಿಕ ರೋಗ ವಿಭಾಗ' ಅಂತ ಬೋರ್ಡು. ನನ್ನ ಕಾಲು ಹಿಂದೆ ಸರಿಯಿತು. ಅವಳು ಏನೂ ಮಾತಾಡದೆ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು, ಲೋಕಲ್‌ನ ಗರ್ದಿಯಲ್ಲಿ ಹಿಡಿಯುತ್ತಾಳಲ್ಲ, ಹಾಗೆ.

ಡಾಕ್ಟರ್ ನಾಲ್ಕು ಪ್ರಶ್ನೆ ಕೇಳಿದರು. ಕಡಿಮೆ ಮಾಡಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ? ಬೇರೆಯವರು ಅದರ ಮಾತೆತ್ತಿದರೆ ಸಿಟ್ಟು ಬರುತ್ತದಾ? ಕುಡಿದದ್ದಕ್ಕೆ ಮನಸ್ಸು ಚುಚ್ಚಿದೆಯಾ? ಬೆಳಗ್ಗೆ ಎದ್ದ ಕೂಡಲೇ ಕುಡಿದದ್ದಿದೆಯಾ? ಎರಡಕ್ಕೆ ಹೌದು ಅಂದರೂ ಹಗುರವಾಗಿ ತಗೊಳ್ಳುವುದಿಲ್ಲವಂತೆ. ನಾನು ಮೂರಕ್ಕೆ ಹೌದು ಅಂದೆ. ನಾಲ್ಕನೆಯದಕ್ಕೆ ಇಲ್ಲ ಅಂದೆ, ಹೆಂಡತಿ ಪಕ್ಕದಲ್ಲೇ ಇದ್ದಳು. ಡಾಕ್ಟರ್ ಅವಳನ್ನು ಯಾವುದೋ ಚೀಟಿ ತರಲು ಕಳಿಸಿ ಮತ್ತೊಮ್ಮೆ ಕೇಳಿದರು. ಆಗ ನಿಜ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು ಅಂದರು. ದಿನಾ ಜಾಸ್ತಿ ಕುಡಿಯುವವನು ಒಂದೇ ಸಲ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡರಿಂದ ನಾಲ್ಕು ದಿನದಲ್ಲಿ ಬುದ್ಧಿ ಭ್ರಮೆಯಾಗಿ ಇಲ್ಲದ್ದು ಕಾಣಿಸುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಊರಲ್ಲಿ ಎಷ್ಟು ಜನರಿಗೆ ನಾವೇ ಹೇಳಿದ್ದೇವೆ, ಗಂಡಸಾದರೆ ಇವತ್ತೇ ಬಿಡು ಅಂತ. ಯಾರಿಗೂ ಹಾಗೆ ಹೇಳಬೇಡಿ, ದಯವಿಟ್ಟು.

ನನಗೆ ಫಿಟ್ಸ್ ಬಂದಿರಲಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿದ್ದರು. ಅದಕ್ಕೆ ಅಡ್ಮಿಟ್ ಆಗದೆ ಬಂದು ಹೋಗಿ ಮಾಡಬಹುದು ಅಂದರು. ಮೊದಲ ವಾರ ದಿನಾ ಹೋದೆ. ದಿನದಿಂದ ದಿನಕ್ಕೆ ಕಡಿಮೆಯಾಗುವ ಮಾತ್ರೆ, ಬಿ1 ವಿಟಮಿನ್, ಲಿವರ್ ಪರೀಕ್ಷೆ. ಆಮೇಲೆ ನಾಲ್ಟ್ರೆಕ್ಸೋನ್ ಅಂತ ದಿನಕ್ಕೊಂದು ಮಾತ್ರೆ, 50 ಮಿಲಿಗ್ರಾಂ. ಅದು ಕುಡಿತವನ್ನು ಬಿಡಿಸುವುದಿಲ್ಲ, ಕುಡಿದಾಗ ಸಿಗುವ ಆ ಖುಷಿಯನ್ನು ತಗ್ಗಿಸುತ್ತದೆ.

ಮಾತ್ರೆಯ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ. ಲೋಕಲ್ ಡಬ್ಬಿಯಲ್ಲಿ ಅಂಟಿಸಿರುತ್ತಾರಲ್ಲ, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ ಅಂತ? ನಮ್ಮ ಬಿಲ್ಡಿಂಗಿನ ಒಬ್ಬಾಕೆ ಗಂಡನಿಗೆ ಹಾಗೇ ಕೊಡಲಾ ಅಂತ ನನ್ನ ಹೆಂಡತಿಯನ್ನು ಕೇಳಿದರು. ಡೈಸಲ್ಫಿರಾಮ್ ಅನ್ನುವ ಮಾತ್ರೆಯಿದೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಪ್ರಾಣ ಹೋಗುವ ಅಪಾಯವೂ ಇದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಗುಣ ಉಳಿಯಬಹುದು. ತಗೊಳ್ಳುವವನಿಗೆ ಗೊತ್ತಿದ್ದೇ, ಅವನು ಒಪ್ಪಿಯೇ ಕೊಡಬೇಕಾದ ಮದ್ದು ಅದು. ಆ ಹೆಸರಿಲ್ಲದ ಪುಡಿಗಳಲ್ಲಿ ಏನಿರುತ್ತದೋ ದೇವರೇ ಬಲ್ಲ. ಹೆಂಡತಿ ಆಕೆಯನ್ನು ಕೂರಿಸಿ ಬಿಡಿಸಿ ಹೇಳಿದಳು.

ಮಾತ್ರೆಗಿಂತ ಕಷ್ಟ ಅಂದರೆ ಮಾತು. ಪ್ರತಿ ಗುರುವಾರ ಕೌನ್ಸೆಲರ್ ಜೊತೆ ಕೂರಬೇಕು, ಮರಾಠಿ ಹೆಂಗಸು, ನನ್ನ ತಂಗಿಯ ವಯಸ್ಸು. ಮೊದಲ ದಿನ ಅವರು ಒಂದು ಲೆಕ್ಕ ಮಾಡಿಸಿದರು. ಕ್ವಾರ್ಟರ್ ಅಂದರೆ 180 ಎಂಎಲ್, ನಮ್ಮ ವಿಸ್ಕಿಯಲ್ಲಿ 42.8 ಪರ್ಸೆಂಟ್, ಅಂದರೆ ಹತ್ತಿರ ಹತ್ತಿರ 60 ಗ್ರಾಂ ಆಲ್ಕೋಹಾಲ್. ನನ್ನದು ದಿನಕ್ಕೆ ಎರಡು ಕ್ವಾರ್ಟರ್. 14 ವರ್ಷ ಬಾಟಲಿಯ ಲೆಕ್ಕ ಬರೆದವನು ನಾನು, ಈ ಲೆಕ್ಕ ಒಂದು ದಿನವೂ ಮಾಡಿರಲಿಲ್ಲ. ಪರ್ಮಿಟ್ ರೂಮ್ ಬಿಡಲು ಹೇಳಿದರು. ಬಿಟ್ಟೆ. ಈಗ ಘಾಟ್ಕೋಪರ್‌ನಲ್ಲೇ ಒಂದು ವೆಜ್ ಹೋಟೆಲಿನ ಕೌಂಟರ್. ನಾಲ್ಕು ಸಾವಿರ ಕಡಿಮೆ, ಆದರೆ ಸಂಜೆ ಆರೂವರೆಗೆ ಬಿಡುಗಡೆ.

ಆ ಆರೂವರೆಯೇ ತೊಂದರೆ. ಆಗ ತಲಫ್ ಬರುತ್ತದೆ, ಕುಡಿಯಲೇಬೇಕು ಅನ್ನುವ ಚಡಪಡಿಕೆ. ಕೌನ್ಸೆಲರ್ ಅನ್ನುತ್ತಾರೆ, ಅದು ತೆರೆಯ ಹಾಗೆ, ಏರುತ್ತದೆ, ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತದೆ, ಅಷ್ಟು ಹೊತ್ತು ಅದರ ಜೊತೆ ಜಗಳ ಆಡದೆ ನೋಡುತ್ತಾ ಇರಿ. ಮರವಂತೆಯಲ್ಲಿ ತೆರೆ ನೋಡುತ್ತಾ ಬೆಳೆದವನಿಗೆ ಅದು ಬೇಗ ಅರ್ಥವಾಯಿತು. ಘಾಟ್ಕೋಪರ್‌ನಿಂದ ಡೊಂಬಿವಲಿಗೆ ಫಾಸ್ಟ್ ಲೋಕಲ್‌ನಲ್ಲಿ ಅರ್ಧ ಗಂಟೆಯ ಮೇಲೆ ಸ್ವಲ್ಪ. ಅದಕ್ಕೆ ಕೌನ್ಸೆಲರ್ ಮತ್ತು ನಾನು ಕೂತು ಒಂದು ನಿಯಮ ಮಾಡಿದೆವು, ಫಾಸ್ಟ್ ಗಾಡಿ ಮಾತ್ರ ಹತ್ತುವುದು. ಗಾಡಿ ಡೊಂಬಿವಲಿ ತಲುಪುವಾಗ ತೆರೆ ಇಳಿದಿರುತ್ತದೆ.

ಆಮೇಲೆ ಒಂದು ಪಟ್ಟಿ ಬರೆಯಲು ಕೊಟ್ಟರು. ಯಾವ ಜಾಗ, ಯಾವ ಹೊತ್ತು, ಯಾವ ಜನ. ಯಾವುದನ್ನು ಕಂಡರೆ ಕುಡಿಯಬೇಕು ಅನ್ನಿಸುತ್ತದೆ ಅಂತ. ಜಾಗ ಬರೆದೆ, ಹೊತ್ತು ಬರೆದೆ. ಜನದ ಸಾಲು ಮೂರು ವಾರ ಖಾಲಿ ಬಿಟ್ಟೆ. ನಾಲ್ಕನೇ ಗುರುವಾರ ನಿನ್ನ ಹೆಸರು ಬರೆದೆ.

ಒಂದೇ ಹೆಸರು. ಅದಕ್ಕೇ ಫೋನ್ ಎತ್ತಲಿಲ್ಲ. ಹೀಗೆ ಅಂತ ನಿನಗೆ ಹೇಳುವ ಧೈರ್ಯ ಇರಲಿಲ್ಲ, ಸೊಕ್ಕು ಬಂದಿದೆ ಅಂತ ನೀನು ತಿಳಿದುಕೊಂಡರೂ ಸರಿ ಅಂತ ಇದ್ದೆ.

ಇಷ್ಟೇ ಬರೆದು ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ಇನ್ನೊಂದಿದೆ. ಎರಡು ತಿಂಗಳ ಹಿಂದೆ ಒಂದು ಸಂಜೆ ನಾನು ಭಾಂಡುಪ್‌ಗೆ ಬಂದಿದ್ದೆ. ನಿನ್ನ ಬಿಲ್ಡಿಂಗಿನ ಕೆಳಗೆ ನಿಂತಿದ್ದೆ. ನಿನ್ನ ಮನೆಯ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೇಲೆ ಬರಲಿಲ್ಲ. ಸ್ಟೇಷನ್ ಹೊರಗಿನ ಕೌಂಟರ್‌ಗೆ ಹೋಗಿ ನೈಂಟಿ ಹೇಳಿದೆ, ನಿಂತಲ್ಲೇ ಕುಡಿದೆ. ಎಂಟು ತಿಂಗಳ ಮೇಲೆ.

ಕೌನ್ಸೆಲರ್ ಬೈಯಲಿಲ್ಲ. ಆ ಸಂಜೆಯನ್ನು ಕೊನೆಯಿಂದ ಶುರುವಿನ ಕಡೆಗೆ ಬಿಚ್ಚಿ ಹೇಳಿ ಅಂದರು. ಗ್ಲಾಸ್‌ಗಿಂತ ಮೊದಲು? ನಿನ್ನ ಬಿಲ್ಡಿಂಗ್. ಅದಕ್ಕಿಂತ ಮೊದಲು? ಭಾಂಡುಪ್‌ನಲ್ಲಿ ಇಳಿದದ್ದು. ಫಾಸ್ಟ್ ಗಾಡಿ ಭಾಂಡುಪ್‌ನಲ್ಲಿ ನಿಲ್ಲುವುದಿಲ್ಲವಲ್ಲ? ಹೌದು, ಸ್ಲೋ ಹತ್ತಿದ್ದೆ. ಯಾಕೆ? ಫಾಸ್ಟ್‌ನಲ್ಲಿ ಗರ್ದಿ ಇತ್ತು. ಗರ್ದಿ ಇಲ್ಲದ ದಿನ ಯಾವುದು? ಅದಕ್ಕಿಂತ ಮೊದಲು ಏನಾಯಿತು? ಮೂರು ದಿನದಿಂದ ಮಾತ್ರೆ ತಪ್ಪಿಸಿದ್ದೆ, ಮರೆತೆ ಅಂತ ಮನೆಯಲ್ಲಿ ಹೇಳಿದ್ದೆ. ಆ ಮೂರು ದಿನ ನಾನು ಕುಡಿತದ ಬಗ್ಗೆ ಒಮ್ಮೆಯೂ ಯೋಚಿಸಿದ ನೆನಪಿಲ್ಲ, ಆಣೆಗೂ. ಆದರೆ ಒಂದೊಂದೇ ಸಣ್ಣ ಕೆಲಸ ಮಾಡುತ್ತಾ ಗ್ಲಾಸ್‌ನ ಹತ್ತಿರ ನಡೆದುಕೊಂಡು ಹೋಗಿದ್ದೆ.

ಹೆಂಡತಿಗೆ ಮೊನ್ನೆ ಹೇಳಿದೆ. ಈ ಪತ್ರವನ್ನೂ ಮೊದಲು ಅವಳೇ ಓದಿದಳು. ಹಾಕು ಅಂದಳು.

ಕೌನ್ಸೆಲರ್ ಇನ್ನೊಂದು ಪ್ರಶ್ನೆ ಕೇಳಿದರು, ಅದು ಇನ್ನೂ ನನ್ನನ್ನು ಬಿಟ್ಟಿಲ್ಲ. "ಗ್ಲಾಸ್ ಇಲ್ಲದೆ ನೀವಿಬ್ಬರೂ ಕೂತರೆ ಏನು ಮಾತಾಡುತ್ತೀರಿ?" ಉತ್ತರ ಬರಲಿಲ್ಲ. ಅಷ್ಟು ವರ್ಷದ ಗೆಳೆತನ, ಉತ್ತರ ಬರಲಿಲ್ಲ. ಮನೆಗೆ ಬಂದು ರಾತ್ರಿಯೆಲ್ಲ ಯೋಚಿಸಿದೆ. 1996ರಲ್ಲಿ ಬಂದ ಹೊಸತರಲ್ಲಿ ಹಗಲೆಲ್ಲ ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗುತ್ತಿದ್ದೆವಲ್ಲ, ಆಗ ಏನು ಮಾತಾಡುತ್ತಿದ್ದೆವು? ದಾರಿಯಿಡೀ ಮಾತಾಡುತ್ತಿದ್ದೆವು. ಹದಿಮೂರರ ಮಗ್ಗಿ, ಆ ಭಟ್ಟರ ಚಪ್ಪಲಿ, ಊರಿಗೆ ಹೋಗುವ ಬಸ್ಸಿನ ದುಡ್ಡು. ಮಲಗುವ ಜಾಗಕ್ಕೆ ಬಂದರೂ ಮಾತು ಮುಗಿಯುತ್ತಿರಲಿಲ್ಲ.

ಆಮೇಲೆ 1999ರ ಆ ರಾತ್ರಿ ನೆನಪಾಯಿತು. ನಿನಗೆ ನೆನಪಿದೆಯೋ ಇಲ್ಲವೋ. ನೀನು ಬೇಡ ಅಂದೆ. ಮೂರು ಸಲ ಬೇಡ ಅಂದೆ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಅಂದೆ. ನಾನೇ ಸ್ಟೀಲ್ ಲೋಟದಲ್ಲಿ ಸುರಿದು ಕೈಗೆ ಕೊಟ್ಟೆ. ನನ್ನಪ್ಪ ಗಡಂಗಿನಿಂದ ಹೇಗೆ ಬರುತ್ತಿದ್ದ ಅಂತ ನೋಡಿ ಬೆಳೆದವನು ನಾನು. 2007ರ ಜುಲೈಯಲ್ಲಿ ಊರಲ್ಲಿ ಸಾರಾಯಿ ನಿಂತಿತು, ಅಪ್ಪ ಬ್ರಾಂಡಿ ಅಂಗಡಿಗೆ ಹೋದ. ಅವನಿಗಾಗಿ ಹರಕೆ ಹೊತ್ತೆವು, ದೇವರ ಮುಂದೆ ಆಣೆ ಹಾಕಿಸಿದೆವು, ಆಸ್ಪತ್ರೆಗೆ ಮಾತ್ರ ಯಾರೂ ಕರೆದುಕೊಂಡು ಹೋಗಲಿಲ್ಲ. ಅಂಥ ಅಪ್ಪನನ್ನು ನೋಡಿ ಬೆಳೆದವನೇ ನಿನ್ನ ಕೈಗೆ ಲೋಟ ಕೊಟ್ಟೆ. ನಾನು ನಿನ್ನ ಹೆಸರನ್ನು ನನ್ನ ಪಟ್ಟಿಯಲ್ಲಿ ಬರೆದೆ. ನೀನು ಪಟ್ಟಿ ಬರೆದರೆ ಮೊದಲ ಹೆಸರು ನನ್ನದೇ ಇರಬೇಕು. ಇದನ್ನು ನಿನಗೆ ಹೇಳಬೇಕಿತ್ತು. ತಪ್ಪಾಯಿತು ಕಣೋ.

ನೀನು ಎಷ್ಟು ಕುಡಿಯುತ್ತೀಯ, ಯಾವಾಗ ಕುಡಿಯುತ್ತೀಯ ಅಂತ ಇಲ್ಲಿ ಬರೆಯುವುದಿಲ್ಲ. ಅದು ನಿನ್ನ ಮಾತು. ನಮ್ಮ ಶನಿವಾರದ ಗುಂಪಿನಲ್ಲಿ ಒಬ್ಬ ರಿಕ್ಷಾದವನಿದ್ದಾನೆ, ಒಬ್ಬರು ಬ್ಯಾಂಕಿನವರು, ಒಬ್ಬ ಹಿರಿಯರು ಪುಣೆಯ ಮುಕ್ತಾಂಗಣ ಅನ್ನುವ ಚಟ ಬಿಡಿಸುವ ಕೇಂದ್ರದಲ್ಲಿ ಇದ್ದು ಬಂದವರು. ಅನಿತಾ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಶುರು ಮಾಡಿದ್ದಲ್ವಾ, ಅದು. ಕೇಂದ್ರ ಸರಕಾರಕ್ಕಾಗಿ ಏಮ್ಸ್ ಮಾಡಿದ 2019ರ ವರದಿಯಲ್ಲಿ, ಕುಡಿತದ ಚಟ ಹತ್ತಿದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತದೆ ಅಂತಿದೆ. ನಮ್ಮ ಪರ್ಮಿಟ್ ರೂಮ್ ತುಂಬಿದಾಗ ಹೆಚ್ಚುಕಡಿಮೆ ಅಷ್ಟೇ ಜನ ಕೂರುತ್ತಿದ್ದರು. ಓದಿದಾಗ ಆ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಗಲ್ಲಾದ ಹಿಂದೆ ಕೂತು ಇದನ್ನು ಓದುತ್ತಿರುವ ಹುಡುಗರೇ, 14446 ಅಂತ ಸರಕಾರದ ಉಚಿತ ನಂಬರಿದೆ, ಚಟ ಬಿಡುವವರಿಗೆ. ಮನಸ್ಸಿನ ಯಾವ ಕಷ್ಟಕ್ಕೂ 14416 ಇದೆ.

ನಿನಗೆ ನಂಬರ್ ಬೇಡ, ನಾನಿದ್ದೇನೆ. ಬರುವ ಭಾನುವಾರ ಬೆಳಗ್ಗೆ ಎಂಟಕ್ಕೆ ಮಾಟುಂಗ ಸ್ಟೇಷನ್ ಹೊರಗೆ, ಹೂವಿನವರ ಹತ್ತಿರ. ಕೌನ್ಸೆಲರ್‌ಗೂ ಹೇಳಿದ್ದೇನೆ, ಬೆಳಗ್ಗೆಯಾದರೆ ಸರಿ ಅಂದರು. ಕಾಫಿ ಕುಡಿಯೋಣ, ಇಡ್ಲಿ ತಿನ್ನೋಣ. ಮಾತು ಬರದಿದ್ದರೆ ಸುಮ್ನೆ ಕೂರೋಣ, ಇಲ್ಲವಾದರೆ ಹದಿಮೂರರ ಮಗ್ಗಿ ಹೇಳು, ಈ ಸಲ 13 ಏಳ್ಲ ಸರಿ ಬರುತ್ತದಾ ನೋಡೋಣ. ಮಳೆ ಬರುವ ಹಾಗಿದೆ. ಕೊಡೆ ತರುವ ಜವಾಬ್ದಾರಿ ನಿನ್ನದೇ, ಯಾವ ಕೊಡೆ ಅಂತ ಮತ್ತೆ ಕೇಳಬೇಡ.

ನಿನ್ನ,
ಡೊಂಬಿವಲಿಯವನು